‘ನನ್ನನ್ನ ಬಾಲವಾಡಿಗೆ ಹಾಕಿದ್ದೀಯಾ?’ ಅಂತ ಅಮ್ಮ ಕೇಳಿದಾಗ

ಪ್ರಶ್ನೆ: ನಾವಿರುವುದು ಶಿವಮೊಗ್ಗದಲ್ಲಿ. ಅಮ್ಮನಿಗೆ 76 ವರ್ಷ. ಹೊಸನಗರ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ 31 ವರ್ಷ ಪಾಠ ಮಾಡಿದವಳು. ಎರಡು ವರ್ಷದಿಂದ ಮರೆವು. ಡಿಮೆನ್ಷಿಯಾದ ಮೊದಲ ಹಂತ ಅಂದಿದ್ದಾರೆ ಡಾಕ್ಟರು. ನಾನು, ನನ್ನ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಮೂರು ತಿಂಗಳ ಹಿಂದೆ ಅಮ್ಮನನ್ನು ಒಂದು ಡೇ ಕೇರ್‌ಗೆ ಹಾಕಿದೆವು. ಅಲ್ಲಿನವರು ಕೆಟ್ಟವರಲ್ಲ. ಆದರೆ ಎಲ್ಲರನ್ನೂ ‘ಪುಟ್ಟಿ’, ‘ಬಂಗಾರಿ’ ಅಂತ ಕರೆಯುತ್ತಾರೆ. ಊಟದ ಹೊತ್ತಿಗೆ ಕುತ್ತಿಗೆಗೆ ಬಟ್ಟೆ ಕಟ್ಟುತ್ತಾರೆ. ಬಾತ್‌ರೂಮಿಗೆ ತಾನೇ ಹೋಗುವ ಅಮ್ಮನಿಗೆ ಒಂದೆರಡು ಸಲ ಸೀರೆ ಒದ್ದೆಯಾಯಿತು ಅಂತ ಡೈಪರ್ ಶುರು ಮಾಡಿದ್ದಾರೆ. ಕಳೆದ ವಾರ ಮಕ್ಕಳ ಪದ್ಯ ಹಾಕಿ ಕುಣಿಸಿ, ವಿಡಿಯೋ ತೆಗೆದು ವಾಟ್ಸಾಪ್ ಗ್ರೂಪಿಗೂ ಹಾಕಿದ್ದರು. ಅವತ್ತು ಸಂಜೆ ಅಮ್ಮ, ‘ನನ್ನನ್ನ ಬಾಲವಾಡಿಗೆ ಹಾಕಿದ್ದೀಯಾ?’ ಅಂತ ಕೇಳಿದಳು. ಈಗ ಬೆಳಿಗ್ಗೆ ಹೊರಡುವುದಕ್ಕೇ ಹಟ. ಅಲ್ಲಿ ಪೇಪರನ್ನೂ ಮುಟ್ಟುವುದಿಲ್ಲವಂತೆ. ಕನ್ನಡಕದ ಒಂದು ಕಾಲು ಮುರಿದಿದೆ, ಅದೊಂದು ನೆಪ. ನನ್ನ ನಿರೀಕ್ಷೆ ಜಾಸ್ತಿ ಆಯಿತಾ? ಅವರ ಮನಸ್ಸು ಕೆಡಿಸದೆ ಇದನ್ನೆಲ್ಲ ಹೇಗೆ ಹೇಳುವುದು?

ಉತ್ತರ: ನಿಮ್ಮಮ್ಮ ಸರಿಯಾಗಿಯೇ ಕೇಳಿದ್ದಾರೆ. 31 ವರ್ಷ ಮಕ್ಕಳನ್ನು ಸಾಲಾಗಿ ಕೂರಿಸಿ ಪದ್ಯ ಹೇಳಿಸಿದವರು ಅವರು. ಚಿಕ್ಕ ಮಕ್ಕಳ ಜೊತೆ ಹೇಗೆ ಮಾತಾಡುತ್ತಾರೆ ಅಂತ ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ? ಮರೆವಿನ ಕಾಯಿಲೆ ಇದ್ದವರು ಏನು ಹೇಳಿದರೂ ‘ಅದು ಕಾಯಿಲೆ ಹೇಳಿಸ್ತಿರೋದು’ ಅಂತ ತಳ್ಳಿಹಾಕುವುದು ನಮಗೆ ರೂಢಿಯಾಗಿಬಿಟ್ಟಿದೆ. ಈ ಮಾತನ್ನು ಹಾಗೆ ತಳ್ಳಬೇಡಿ.

ನನ್ನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನರ್ಸ್ ಆಗಿ ಶುರು ಮಾಡಿ, ಆಮೇಲೆ 14 ವರ್ಷ ಶಿವಮೊಗ್ಗ, ಸಾಗರದ ಕಡೆ ಹಿರಿಯರ ಹಗಲು ಕೇಂದ್ರಗಳಲ್ಲಿ ಕೆಲಸ ಮಾಡಿದವಳು ನಾನು. ನೀವು ಬರೆದ ತಪ್ಪುಗಳಲ್ಲಿ ಮುಕ್ಕಾಲು ಪಾಲು ನಾನೂ ಮಾಡಿದ್ದೇನೆ, ಅದೂ ತುಂಬಾ ಪ್ರೀತಿಯಿಂದ ಮಾಡಿದ್ದೇನೆ. ಹಾಗಾಗಿ ಆ ಕೇಂದ್ರದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪ್ರೀತಿ ಇದ್ದ ಕೂಡಲೇ ಮರ್ಯಾದೆಯೂ ಇರುತ್ತದೆ ಅನ್ನುವುದು ಸುಳ್ಳು.

ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಟಾಮ್ ಕಿಟ್‌ವುಡ್ ಅನ್ನುವವರು 1990ರ ದಶಕದಲ್ಲಿ ಆರೈಕೆ ಕೇಂದ್ರಗಳಲ್ಲಿ ಕೂತು ಇದನ್ನೇ ಗಮನಿಸುತ್ತಿದ್ದರು. ದೊಡ್ಡವರನ್ನು ಮಗುವಿನ ಹಾಗೆ ನೋಡುವುದು. ಅವರಿಗೆ ನಿಲುಕದಷ್ಟು ಬೇಗ ಮಾತಾಡುವುದು, ಬೇಗ ಎಬ್ಬಿಸುವುದು. ಎದುರಿಗಿದ್ದರೂ ಇಲ್ಲದವರ ಹಾಗೆ ಅವರ ಬಗ್ಗೆ ಮಾತಾಡುವುದು. ಅವರಿಂದ ಆಗುವ ಕೆಲಸವನ್ನೂ ಕಿತ್ತುಕೊಂಡು ತಾವೇ ಮಾಡುವುದು. ಹೀಗೆ ಪಟ್ಟಿ ಮಾಡಿ ಅವರು ಹೇಳಿದ್ದು ಇಷ್ಟು: ಇದನ್ನು ಮಾಡುವವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನವರೇ, ಆದರೂ ಕಾಯಿಲೆಗಿಂತ ಬೇಗ ಇದು ಮನುಷ್ಯನನ್ನು ಕುಗ್ಗಿಸಬಹುದು.

‘ಹೇಗೂ ಮರೆತುಹೋಗ್ತಾರಲ್ಲ’ ಅಂತ ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಆಲ್‌ಝೈಮರ್ ಇದ್ದವರಿಗೆ ದುಃಖದ, ನಗುವಿನ ಚಿತ್ರದ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ನೋಡಿದ್ದೇನು ಅನ್ನುವುದು ಅವರಿಗೆ ಮರೆತುಹೋಯಿತು. ಮನಸ್ಸಿನ ಬೇಸರ, ಖುಷಿ ಮಾತ್ರ ಹಾಗೇ ಉಳಿದಿತ್ತು. ನಿಮ್ಮಮ್ಮನಿಗೆ ಬೆಳಿಗ್ಗೆ ಹಟ ಬರುವುದು ಇಲ್ಲಿಂದ. ನಿನ್ನೆ ಏನಾಯಿತು ಅಂತ ಕೇಳಿದರೆ ಅವರಿಗೆ ಹೇಳಲಿಕ್ಕೆ ಬರದೇ ಇರಬಹುದು. ಆ ಗೇಟು ಕಂಡ ಕೂಡಲೇ ಹೊಟ್ಟೆಯೊಳಗೆ ಏನೋ ಹಿಂಡುತ್ತದೆ, ಅಷ್ಟೇ.

ಈಗ ನಿಮ್ಮ ಪತ್ರದ್ದೇ ಒಂದು ಮಾತು ಎತ್ತಿಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ‘ಡೇ ಕೇರ್‌ಗೆ ಹಾಕಿದೆವು’ ಅಂತ ಬರೆದಿದ್ದೀರಿ. ಮಕ್ಕಳನ್ನು ಶಾಲೆಗೆ ಹಾಕುತ್ತೇವೆ, ದುಡ್ಡನ್ನು ಬ್ಯಾಂಕಿಗೆ ಹಾಕುತ್ತೇವೆ. ಅಮ್ಮ ಕೂಡ ಅದೇ ಕ್ರಿಯಾಪದ ಹಿಡಿದು ‘ಹಾಕಿದ್ದೀಯಾ’ ಅಂತ ಕೇಳಿದ್ದಾರೆ, ನೋಡಿ. ಅಷ್ಟು ವಿವರವಾಗಿ ಬರೆದ ನೀವು, ಸೇರುವ ಮೊದಲು ಅಮ್ಮನನ್ನು ಒಂದು ದಿನ ಕರೆದುಕೊಂಡು ಹೋಗಿ ತೋರಿಸಿದಿರಾ, ಅವರು ಏನಂದರು ಅನ್ನುವುದನ್ನು ಎಲ್ಲೂ ಬರೆದಿಲ್ಲ. ಕೇಳಿರಬಹುದು, ಬರೆಯಲು ಬಿಟ್ಟುಹೋಗಿರಬಹುದು. ಕೇಳಿಲ್ಲದಿದ್ದರೆ ಈಗಲೂ ತಡವಾಗಿಲ್ಲ. ‘ವಾರಕ್ಕೆ ಎಷ್ಟು ದಿನ ಹೋಗ್ತೀಯಾ? ಯಾವ ಸೀರೆ ಉಟ್ಕೋತೀಯಾ? ಮಧ್ಯಾಹ್ನ ಅಲ್ಲೇ ಊಟ ಮಾಡ್ತೀಯಾ, ಮನೆಯಿಂದ ತಗೊಂಡು ಹೋಗ್ತೀಯಾ?’ ಇಷ್ಟನ್ನು ಅವರು ಇವತ್ತೂ ತೀರ್ಮಾನ ಮಾಡಬಲ್ಲರು. ಹೋಗುವುದೇ ಬೇಡ ಅನ್ನುವ ಆಯ್ಕೆ ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಇಲ್ಲದಿರಬಹುದು. ಹಾಗಿದ್ದರೆ ಅದನ್ನೂ ನೇರವಾಗಿ ಹೇಳಿ: ‘ನಾನು ಕೆಲಸ ಬಿಡೋಕಾಗಲ್ಲ ಅಮ್ಮ, ನನಗೂ ಬೇರೆ ದಾರಿ ಇಲ್ಲ.’ ಎಷ್ಟೋ ತಾಯಂದಿರು ಈ ಮಾತಿಗೆ ಒಪ್ಪಿದ್ದನ್ನು ನೋಡಿದ್ದೇನೆ. ‘ಸುಮ್ನೆ ಡಾಕ್ಟರ ಹತ್ರ ಹೋಗಿಬರೋಣ’ ಅಂತ ಸುಳ್ಳು ಹೇಳಿ ಕರೆತಂದವರು ಮಾತ್ರ ತಿಂಗಳುಗಟ್ಟಲೆ ಒಗ್ಗಲಿಲ್ಲ.

ಕರೆಯುವ ವಿಷಯ. ನೀವು ಅಮ್ಮನಿಗೆ ‘ನೀನು’ ಅನ್ನುತ್ತೀರಿ, ಅದು ಸರಿ. ನಮ್ಮ ಮಲೆನಾಡಿನಲ್ಲಿ ಹೆತ್ತವಳಿಗೆ ಬಹುವಚನ ಹಚ್ಚಿದರೆ ‘ಏನಾಯ್ತೇ ನಿಂಗೆ, ಸಿಟ್ಟಾ?’ ಅಂತ ಕೇಳುತ್ತಾರೆ. ಆದರೆ 22 ವರ್ಷದ ಹುಡುಗಿ ಬಂದು ‘ಬಾ ಪುಟ್ಟಿ, ಕೂತ್ಕೋ’ ಅಂದರೆ ಅದು ಬೇರೆಯೇ ಆಗುತ್ತದೆ. ನಿಮ್ಮಮ್ಮನನ್ನು ಊರಿನವರು ಏನಂತ ಕರೆಯುತ್ತಿದ್ದರು? ‘ಅಕ್ಕೋರು’ ಅಂತಲೇ ಇರಬೇಕು, ಇಲ್ಲವೇ ‘ಟೀಚರಮ್ಮ’. ಅದನ್ನೇ ಕೇಂದ್ರದವರಿಗೆ ಹೇಳಿಕೊಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರೊಬ್ಬರು ನಮ್ಮಲ್ಲಿ ‘ತಾತ’ ಅಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಕಿವಿ ಮಂದ ಅಂತ ಅವರ ಫೈಲಿನಲ್ಲಿ ಬರೆದಿದ್ದೆವು. ಒಂದು ದಿನ ಯಾರೋ ‘ಫೋರ್‌ಮನ್ ಸಾಹೇಬ್ರೇ’ ಅಂದರು. ತಕ್ಷಣ ‘ಏನಪ್ಪಾ?’ ಅಂದರು.

ಇನ್ನೊಂದು ‘ಮಾಡೋಣ್ವಾ’ ಭಾಷೆ. ‘ಮಾತ್ರೆ ತಗೊಳೋಣ್ವಾ? ಬಾತ್‌ರೂಮಿಗೆ ಹೋಗೋಣ್ವಾ?’ ಮಾತ್ರೆ ನುಂಗುವವರು ಒಬ್ಬರೇ ಅಲ್ವಾ? ಜೊತೆಗೆ ಎಳೆಮಕ್ಕಳಿಗೆ ಹೇಳುವ ಹಾಗೆ ದನಿ ಎತ್ತರಿಸಿ ಎಳೆಯುವುದು ಬೇರೆ. ವಯಸ್ಸಾದ ಕಿವಿಗೆ ಮೊದಲು ಕೇಳದೆ ಹೋಗುವುದು ಎತ್ತರದ, ಚೂಪು ದನಿಗಳೇ. ಅಂದರೆ ಮುದ್ದು ಮಾಡಲು ನಾವು ಯಾವ ದನಿ ತೆಗೆಯುತ್ತೇವೋ ಅದೇ ಅವರಿಗೆ ಅತಿ ಕಡಿಮೆ ಕೇಳುವ ದನಿ. ಎದುರಿಗೆ ಕೂತು, ಮುಖ ಕಾಣುವ ಹಾಗೆ, ದನಿ ತುಸು ತಗ್ಗಿಸಿ, ನಿಧಾನವಾಗಿ ಒಂದು ಸಲಕ್ಕೆ ಒಂದೇ ವಿಷಯ ಹೇಳಬೇಕು. ಹೇಳಿ ಸ್ವಲ್ಪ ಕಾಯಬೇಕು. ಉತ್ತರ ಬರಲು ಹತ್ತು ಸೆಕೆಂಡ್ ಆಗಬಹುದು. ಹತ್ತು ಸೆಕೆಂಡ್ ಸುಮ್ಮನಿರುವುದು ಎಷ್ಟು ಕಷ್ಟ ಅಂತ ಒಮ್ಮೆ ಗಡಿಯಾರ ನೋಡಿಕೊಂಡು ಪ್ರಯತ್ನಿಸಿ.

ಡೈಪರ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಸೀರೆ ಒದ್ದೆಯಾದ ಕೂಡಲೇ ಡೈಪರ್ ಹಾಕುವುದೆಂದರೆ, ಸೂರು ಸೋರಿತು ಅಂತ ಪಾತ್ರೆ ಇಟ್ಟು ಹಂಚು ನೋಡದೆ ಬಿಟ್ಟ ಹಾಗೆ. ಯಾಕೆ ಒದ್ದೆಯಾಯಿತು ಅಂತ ಮೊದಲು ಹುಡುಕಬೇಕು. ಇದ್ದಕ್ಕಿದ್ದ ಹಾಗೆ ಶುರುವಾಗಿದ್ದರೆ ಮೂತ್ರದ ಸೋಂಕು ಇರಬಹುದು, ಪರೀಕ್ಷೆ ಮಾಡಿಸಿ. ಮಲಬದ್ಧತೆ ಇದ್ದರೂ ಮೂತ್ರಕೋಶದ ಮೇಲೆ ಒತ್ತಡ ಬಿದ್ದು ಹೀಗಾಗುತ್ತದೆ. ಬಿ.ಪಿ.ಗೆ ನೀರಿಳಿಸುವ ಮಾತ್ರೆ ಕೊಟ್ಟಿದ್ದಾರಾ ನೋಡಿ. ಬೆಳಿಗ್ಗೆ ಎಂಟಕ್ಕೆ ಅದನ್ನು ನುಂಗಿ ಒಂಬತ್ತಕ್ಕೆ ಆಟೋ ಹತ್ತಿದರೆ ಯಾರಿಗಾದರೂ ತಡೆಯುವುದಿಲ್ಲ. ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ. ಇನ್ನು ನಮ್ಮ ಮಳೆಗಾಲ. ಚಳಿ, ಬೆವರಿಲ್ಲ, ನಮಗೇ ಗಂಟೆಗೊಮ್ಮೆ ಏಳಬೇಕಾಗುತ್ತದೆ.

ಎಲ್ಲದಕ್ಕಿಂತ ಸಾಮಾನ್ಯವಾದ ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ: ಸೀರೆ ಮತ್ತು ಒಳಲಂಗದ ಲಾಡಿ. ಬಾತ್‌ರೂಮ್ ಯಾವ ಕಡೆ ಅಂತ ನೆನಪಿಸಿಕೊಂಡು, ಎದ್ದು, ಜಾರುವ ನೆಲದಲ್ಲಿ ನಡೆದು, ಗಂಟಾದ ಲಾಡಿ ಬಿಚ್ಚುವಷ್ಟರಲ್ಲಿ ಆಗಿಹೋಗಿರುತ್ತದೆ. ಲಾಡಿಯ ಜಾಗಕ್ಕೆ ಎಲಾಸ್ಟಿಕ್ ಹಾಕಿಸಿ, ಮೂವತ್ತು ನಲವತ್ತು ರೂಪಾಯಿಯ ಕೆಲಸ. ಎರಡು ಗಂಟೆಗೊಮ್ಮೆ, ಕಾಫಿ ಊಟ ಆದಮೇಲೆ ತಪ್ಪದೆ, ಯಾರಾದರೂ ಹತ್ತಿರ ಹೋಗಿ ಮೆಲ್ಲಗೆ ಕೇಳಲಿ. ಹಾಲಿನ ಈ ತುದಿಯಿಂದ ಆ ತುದಿಗೆ ‘ಅಜ್ಜಿ ಒಂದಕ್ಕೆ ಬರುತ್ತಾ?’ ಅಂತ ಕೂಗುವುದು ಬೇಡ. ಬಾಗಿಲ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ‘ಶೌಚಾಲಯ’ ಅಂತ ಕಣ್ಣಿನ ಎತ್ತರಕ್ಕೆ ಬರೆದು ಅಂಟಿಸಲಿ. ಬಿಳಿ ಟೈಲ್ಸ್ ನಡುವೆ ಬಿಳಿ ಕಮೋಡ್ ಎಷ್ಟೋ ಜನರ ಕಣ್ಣಿಗೆ ಬೀಳುವುದೇ ಇಲ್ಲ, ಸೀಟ್ ಬೇರೆ ಬಣ್ಣದ್ದಾಗಿದ್ದರೆ ಒಳ್ಳೆಯದು. ಪಕ್ಕದ ಗೋಡೆಗೆ ಹಿಡಿಕೆ ಬೇಕೇ ಬೇಕು.

ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ ಡೈಪರ್ ಇರಲಿ, ಅದರಲ್ಲಿ ಅವಮಾನವೇನಿಲ್ಲ. ಅವರಿಗೆ ಹೇಳಿ, ಬಾಗಿಲು ಹಾಕಿ ಹಾಕಬೇಕು, ಅಷ್ಟೇ. ನೀರು ಕುಡಿಯುವುದನ್ನು ಕಡಿಮೆ ಮಾಡಿಸುವ ಉಪಾಯ ಮಾತ್ರ ಯಾರೂ ಮಾಡಬಾರದು. ನೀರು ಕಡಿಮೆಯಾದರೆ ಸೋಂಕು, ಮಲಬದ್ಧತೆ, ಗೊಂದಲ ಮೂರೂ ಜಾಸ್ತಿಯಾಗುತ್ತವೆ.

ಕುತ್ತಿಗೆಗೆ ಕಟ್ಟುವ ಬಟ್ಟೆಯದು ಸಣ್ಣ ವಿಷಯ. ಮನೆಯಿಂದ ಒಂದು ಒಳ್ಳೆಯ ಟವೆಲ್ ಕೊಟ್ಟು ಕಳಿಸಿ, ಅವರೇ ತೊಡೆ ಮೇಲೆ ಹಾಸಿಕೊಳ್ಳಲಿ. ಕೈಯಲ್ಲಿ ಕಲಸಿ ತಿನ್ನಲು ಬಿಡಲಿ, ಚಮಚ ಹಿಡಿದು ತುರುಕುವುದು ಬೇಡ. ತಟ್ಟೆಯಲ್ಲಿ ಅನ್ನ ಸಾರು ಪಲ್ಯ ಎಲ್ಲ ಒಟ್ಟಿಗೆ ಕಲಸಿ ತಂದಿಡುವ ಪದ್ಧತಿ ಇದ್ದರೆ ಅದನ್ನು ಮೊದಲು ಬಿಡಿಸಿ. ಜೀವಮಾನವಿಡೀ ತಂಬುಳಿ ಅನ್ನ ಮೊದಲು, ಸಾರು ಆಮೇಲೆ, ಕೊನೆಗೆ ಮಜ್ಜಿಗೆ ಅಂತ ಉಂಡವರ ಎದುರು ಅದನ್ನು ಇಡುವುದು ನನಗೆ ಸಹಿಸಲಾಗದ ವಿಷಯ.

ಕುಣಿಸಿದ್ದು, ಹಾಡಿಸಿದ್ದು. ಚೆಂಡು ಎಸೆಯುವ ಆಟ, ಹಾಡು, ಕುಣಿತ ಯಾವುದೂ ಕೆಟ್ಟದ್ದಲ್ಲ. ಚೆಂಡಾಟ ಭುಜಕ್ಕೆ ಒಳ್ಳೆಯ ವ್ಯಾಯಾಮ, ಕೆಲವರು ನಿಜಕ್ಕೂ ಖುಷಿಪಡುತ್ತಾರೆ. ಆದರೆ ಸೇರಿಕೊಳ್ಳುವುದು ಬಿಡುವುದು ಅವರ ಇಷ್ಟ ಆಗಿರಬೇಕು. ಕಿಟಕಿ ಪಕ್ಕ ಕೂತು ಮಳೆ ನೋಡುವುದೂ ಒಂದು ಚಟುವಟಿಕೆ ಅಂತ ಒಪ್ಪಲು ನನಗೇ ಐದು ವರ್ಷ ಬೇಕಾಯಿತು.

ನಮ್ಮಲ್ಲಿ ಒಬ್ಬ ಅಮ್ಮ ಬರುತ್ತಿದ್ದರು, ತೀರ್ಥಹಳ್ಳಿ ಕಡೆಯ ತೋಟದ ಮನೆಯವರು. ವಾರ ಯಾವುದು, ತಿಂಗಳು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಬಣ್ಣ ತುಂಬುವ ಪುಸ್ತಕ ಕೊಟ್ಟರೆ ಅದನ್ನು ಮಡಚಿ ಕುರ್ಚಿ ಕೆಳಗೆ ಇಡುತ್ತಿದ್ದರು. ಒಂದು ಜನವರಿಯಲ್ಲಿ ಸಹೋದ್ಯೋಗಿಯೊಬ್ಬಳು ಮನೆಯಿಂದ ಬುಟ್ಟಿ ತುಂಬ ಒಣಗಿದ ಕೆಂಪಡಿಕೆ ತಂದು ಮೇಜಿನ ಮೇಲೆ ಸುರಿದಳು. ಆ ಅಮ್ಮ ಸೆರಗು ಸಿಕ್ಕಿಸಿಕೊಂಡರು. ಕೈ ನಡುಗುತ್ತಿತ್ತು, ಆದರೂ ಅಡಿಕೆ ತನ್ನ ತನ್ನ ದರ್ಜೆಗೆ ತಕ್ಕ ಹಾಗೆ, ‘ರಾಶಿ’ ಒಂದು ಕಡೆ, ‘ಬೆಟ್ಟೆ’ ಒಂದು ಕಡೆ, ‘ಗೊರಬಲು’ ಒಂದು ಕಡೆ ಹೋಗಿ ಬೀಳುತ್ತಿತ್ತು. ನಾನು ನೆರವಾಗಲು ಹೋಗಿ ಒಂದು ಹಿಡಿ ತಪ್ಪು ಗುಡ್ಡೆಗೆ ಹಾಕಿದೆ. ‘ಕಣ್ಣು ಕಾಣ್ಸಲ್ವಾ ನಿಂಗೆ?’ ಅಂತ ಬೈದರು. ಅವರು ನನಗೆ ಪೂರ್ತಿ ಒಂದು ವಾಕ್ಯ ಹೇಳಿದ್ದು ಅದೇ ಮೊದಲು. ಕೈಗೆ ರೂಢಿಯಾದ ಕೆಲಸದ ನೆನಪು ಮಿದುಳಿನಲ್ಲಿ ಬೇರೆ ದಾರಿಯಲ್ಲಿ ಉಳಿದಿರುತ್ತದೆ, ನಿನ್ನೆಯ ಊಟದ ನೆನಪು ಹೋದಮೇಲೂ ಅದು ಬಹಳ ದಿನ ಬಾಳುತ್ತದೆ. ಅವತ್ತು ಯಾರೂ ‘ವೆರಿ ಗುಡ್’ ಅಂತ ಚಪ್ಪಾಳೆ ತಟ್ಟಲಿಲ್ಲ. ಅಡಿಕೆ ಆರಿಸಿ ಆಯಿತು, ಬುಟ್ಟಿಗೆ ತುಂಬಿದೆವು, ಕಾಫಿ ಕುಡಿದೆವು.

ನಿಮ್ಮಮ್ಮನಿಗೆ ಅಂಥದ್ದೇನು ಅಂತ ನಿಮಗೇ ಚೆನ್ನಾಗಿ ಗೊತ್ತು. ಕೇಂದ್ರದ ಬೋರ್ಡಿನಲ್ಲಿ ದಿನಾಂಕ, ಅವತ್ತಿನ ಅಡುಗೆ ಬರೆಯುವ ಕೆಲಸ ಅವರಿಗೆ ಕೊಡಬಹುದು. ಹುಡುಗಿಯರು ಬರೆದ ರಿಜಿಸ್ಟರಿನ ಕಾಗುಣಿತ ತಿದ್ದಬಹುದು. ತಿದ್ದುವುದಕ್ಕೆ ಏನೂ ಬರ ಇರುವುದಿಲ್ಲ, ನಂಬಿ.

ಇನ್ನು ಒಂದು ವಿಷಯ ನೀವು ಕೇಳಿಲ್ಲ. ಆದರೆ ಮುಂದೆ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಸಾಗರ ತಾಲ್ಲೂಕಿನ ಒಬ್ಬರು ಹಿರಿಯರು ಬರುತ್ತಿದ್ದರು. ದಿನಾ ಸಂಜೆ ನಾಲ್ಕಾಗುತ್ತಿದ್ದಂತೆ ಕೊಡೆ ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ‘ಹೊತ್ತಾಯ್ತು, ಹೊಳೆ ದಾಟಿ ಮನೆಗೆ ಹೋಗಬೇಕು.’ ಅವರ ಮನೆ ಇದ್ದ ಊರು 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಶರಾವತಿಯಲ್ಲಿ ಮುಳುಗಿದೆ. ನಾನು ಆಗ ಈ ಕೆಲಸಕ್ಕೆ ಹೊಸಬಳು. ಸತ್ಯ ಹೇಳುವುದೇ ಮರ್ಯಾದೆ ಅಂದುಕೊಂಡು, ‘ಅಜ್ಜಾ, ಆ ಊರು ಮುಳುಗಿಹೋಗಿದೆ ಅಲ್ವಾ’ ಅಂದೆ. ಅವರು ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟರು. ಅವರ ಮಟ್ಟಿಗೆ ಊರು ಮುಳುಗಿದ್ದು ಆ ಸಂಜೆಯೇ. ಮರುದಿನ ನಾಲ್ಕಕ್ಕೆ ಮತ್ತೆ ಕೊಡೆ ಹಿಡಿದು ಬಂದರು, ಮಾತು ನೆನಪಿರಲಿಲ್ಲ. ಆದರೆ ನನ್ನ ಮುಖ ಕಂಡರೆ ಮಾತ್ರ ಪಕ್ಕಕ್ಕೆ ತಿರುಗುತ್ತಿದ್ದರು.

ಮುಳುಗಡೆ ಕುಟುಂಬದ ಒಬ್ಬಳು ಆಯಾ ನಮ್ಮಲ್ಲಿದ್ದಳು. ಅವಳು ಸತ್ಯವನ್ನೂ ಹೇಳಲಿಲ್ಲ, ‘ಈಗ ಬಸ್ ಬರುತ್ತೆ’ ಅಂತ ಸುಳ್ಳನ್ನೂ ಹೇಳಲಿಲ್ಲ. ಪಕ್ಕ ನಿಂತು, ‘ಕೊಟ್ಟಿಗೇಲಿ ಎಷ್ಟು ದನ ಇದ್ವು?’ ಅಂತ ಕೇಳಿದಳು. ಗೌರಿ, ಕೆಂಪಿ, ಹಾಯುವ ಚಾಳಿಯ ಒಂದು ಎಮ್ಮೆ, ಒಂದೊಂದಾಗಿ ಬಂದವು. ನಾಲ್ಕು ಗಂಟೆ ಅವರಿಗೆ ದನ ಕಟ್ಟುವ ಹೊತ್ತಾಗಿತ್ತು. ಅಂದಿನಿಂದ ನಾಲ್ಕಕ್ಕೆ ಹಿತ್ತಲಿನ ಗಿಡಗಳಿಗೆ ನೀರು ಹಾಕುವ ಕೆಲಸ ಅವರದಾಯಿತು. ಮಳೆ ಬರುತ್ತಿದ್ದರೂ ಹಾಕುತ್ತಿದ್ದರು, ಹಾಕಲಿ ಅಂತ ಬಿಟ್ಟೆವು. ನಿಮ್ಮಮ್ಮ ಮುಂದೊಂದು ದಿನ ‘ಶಾಲೆಗೆ ಹೊತ್ತಾಯ್ತು’ ಅಂತ ಎದ್ದು ಹೊರಟರೆ ಈ ಆಯಾಳ ಪ್ರಶ್ನೆ ನೆನಪಿಟ್ಟುಕೊಳ್ಳಿ.

ಕೇಂದ್ರದವರಿಗೆ ಹೇಗೆ ಹೇಳುವುದು? ಮೊದಲು ಅವರ ಕಡೆಯಿಂದ ನೋಡಿ. ವಯಸ್ಸಾಗುತ್ತಿರುವವರ ಆರೋಗ್ಯದ ಬಗ್ಗೆ ದೇಶವ್ಯಾಪಿ ನಡೆದ ‘ಲಾಸಿ’ ಅನ್ನುವ ಸಮೀಕ್ಷೆಯನ್ನು ಆಧರಿಸಿದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಅವರನ್ನು ನೋಡಿಕೊಳ್ಳುವ ಹುಡುಗಿಯರಿಗೆ ಮಾತ್ರ ತರಬೇತಿ ಅಪರೂಪ, ಸಂಬಳ ಕಡಿಮೆ. ಅವರು ನೋಡಿ ಬೆಳೆದ ಆರೈಕೆ ಅಂದರೆ ಮಕ್ಕಳ ಆರೈಕೆ, ಅದನ್ನೇ ಇಲ್ಲೂ ಮಾಡುತ್ತಾರೆ. ಹಾಗಾಗಿ ದೂರಿನಿಂದ ಶುರು ಮಾಡಬೇಡಿ. ವಾಟ್ಸಾಪಿನಲ್ಲಂತೂ ಬೇಡವೇ ಬೇಡ. ಒಂದು ಮಧ್ಯಾಹ್ನ ರಜೆ ಹಾಕಿ ಹೋಗಿ, ಊಟದ ಹೊತ್ತಿಗೆ ಒಂದು ಗಂಟೆ ಸುಮ್ಮನೆ ಕೂತು ನೋಡಿ.

ಆಮೇಲೆ ಒಂದು ಹಾಳೆ ಕೊಡಿ. ಅಮ್ಮನ ಜೊತೆ ಕೂತು, ಅವರ ಬಾಯಲ್ಲೇ ಹೇಳಿಸಿ ಬರೆದದ್ದು. ಏನಂತ ಕರೆಯಬೇಕು. ಕಾಫಿಗೆ ಸಕ್ಕರೆ ಎಷ್ಟು. ಯಾವ ಊರುಗಳಲ್ಲಿ ಪಾಠ ಮಾಡಿದರು. ಯಾವುದಕ್ಕೆ ಸಿಟ್ಟು ಬರುತ್ತದೆ. ಬಾತ್‌ರೂಮಿಗೆ ಹೋಗಬೇಕಾದಾಗ ಸೆರಗು ಹಿಂಡುತ್ತಾರೆ, ಓಡಾಡುತ್ತಾರೆ ಅನ್ನುವಂಥ ಸೂಚನೆಗಳು. ಕೊನೆಗೆ ಎರಡೇ ಎರಡು ಬದಲಾವಣೆ ಕೇಳಿ, ಹತ್ತು ಕೇಳಬೇಡಿ. ನಾನಾಗಿದ್ದರೆ ಡೈಪರ್ ಮತ್ತು ಕರೆಯುವ ಹೆಸರು ಆರಿಸಿಕೊಳ್ಳುತ್ತಿದ್ದೆ. ವಿಡಿಯೋ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ‘ನಮ್ಮಮ್ಮನ ಫೋಟೋ, ವಿಡಿಯೋ ಅವರನ್ನು ಕೇಳದೆ, ನನಗೆ ತಿಳಿಸದೆ ಎಲ್ಲೂ ಹಾಕಬೇಡಿ’ ಅಂತ ಬರೆದುಕೊಡಿ. ಸೇರಿಸುವಾಗ ಯಾವುದೋ ಫಾರಂಗೆ ನೀವು ಸಹಿ ಹಾಕಿರಬಹುದು. ಕುಣಿದದ್ದು ಅಮ್ಮ, ಅವರನ್ನೇ ಕೇಳಬೇಕು.

ಎರಡು ತಿಂಗಳು ಸಮಯ ಕೊಡಿ, ಬದಲಾವಣೆ ನಿಧಾನ. ಆದರೆ ಕೆಲವಕ್ಕೆ ಒಂದು ದಿನವೂ ಕೊಡಬಾರದು. ಕುರ್ಚಿಗೆ ಕಟ್ಟಿಹಾಕುವುದು, ಕೈ ಎತ್ತುವುದು, ಊಟ ತಡೆದು ಹೆದರಿಸುವುದು, ಗಲಾಟೆ ಮಾಡುತ್ತಾರೆ ಅಂತ ಡಾಕ್ಟರ್ ಹೇಳದೆ ಮಂಪರಿನ ಮಾತ್ರೆ ಕೊಡುವುದು. ಡಿಮೆನ್ಷಿಯಾ ಇರುವ ಹಿರಿಯರಿಗೆ ಕೆಲವು ಮಾನಸಿಕ ಔಷಧಿಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಇಂಥದ್ದು ಕಂಡರೆ ಅಮ್ಮನನ್ನು ಅವತ್ತೇ ಕರೆದುಕೊಂಡು ಬನ್ನಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಫೋನ್ ಮಾಡಿ, ಕರೆ ಉಚಿತ. ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೂ ದೂರು ಕೊಡಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ಹಾಂ, ಕನ್ನಡಕ. ಅದು ನೆಪ ಅಂತ ಯಾಕೆ ಅಂದುಕೊಂಡಿರಿ? ಒಂದೇ ಕಾಲಿನ ಕನ್ನಡಕ ಹತ್ತು ಜನರ ಎದುರು ಹಾಕಿಕೊಳ್ಳಲು ಅಕ್ಕೋರಿಗೆ ನಾಚಿಕೆಯಾಗಿರಬೇಕು. ನಾಳೆಯೇ ಅಂಗಡಿಗೆ ಹೋಗಿ. ಅಮ್ಮನನ್ನೂ ಕರೆದುಕೊಂಡು ಹೋಗಿ, ಫ್ರೇಮ್ ಅವರೇ ಆರಿಸಲಿ.